ಒಂದು ರಾತ್ರಿ, ಎರಡು ಊಟ: ಜಪಾನಿನ ಬಿಸಿನೀರಿನ ವಸತಿಗೃಹಗಳ ಕಥೆ

 

ಜಪಾನಿಗೆ ಹೋಗಿಬಂದ ಯಾರದ್ದಾದರೂ ರೀಲ್ಸ್ ನೋಡಿ. ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಟೋಕಿಯೊ ಮೂರು ದಿನ, ಕ್ಯೋಟೊ ಎರಡು ದಿನ, ಮಧ್ಯದಲ್ಲಿ ಹಕೋನೆ ಒಂದು ರಾತ್ರಿ. ಆ ಒಂದು ರಾತ್ರಿ ಯಾಕೆ ಅಂದ್ರೆ, ಅಲ್ಲಿ ಒನ್ಸೆನ್ ಇದೆ. ಒನ್ಸೆನ್ ಅಂದ್ರೆ ನೆಲದೊಳಗಿಂದ ತಾನಾಗೇ ಬರೋ ಬಿಸಿನೀರಿನ ಬುಗ್ಗೆ. ಅದರ ಪಕ್ಕದಲ್ಲೇ ರ್ಯೋಕಾನ್, ಅಂದ್ರೆ ಹಳೇ ಶೈಲಿಯ ವಸತಿಗೃಹ. ಮಧ್ಯಾಹ್ನ 3 ಗಂಟೆಗೆ ಒಳಗೆ ಹೋಗ್ತೀರಿ. ಯುಕಾತಾ ಅನ್ನೋ ಹತ್ತಿ ನಿಲುವಂಗಿ ಹಾಕ್ಕೊಂಡು ಸ್ನಾನ. ಆಮೇಲೆ ಭರ್ಜರಿ ಊಟ, ಮತ್ತೆ ಸ್ನಾನ, ಚಾಪೆ ಹಾಸಿದ ಕೋಣೆಯಲ್ಲಿ ನಿದ್ದೆ. ಬೆಳಗ್ಗೆ ಇನ್ನೊಂದು ಸ್ನಾನ, ಇನ್ನೊಂದು ಊಟ. 10 ಗಂಟೆಗೆ ಚೆಕ್ ಔಟ್. ಲೆಕ್ಕ ಹಾಕಿದ್ರೆ 19 ಗಂಟೆ. ಇದಕ್ಕೆ ಜಪಾನೀ ಭಾಷೆಯಲ್ಲಿ 'ಇಪ್ಪಾಕು ನಿಶೋಕು' ಅಂತಾರೆ. ಒಂದು ರಾತ್ರಿ, ಎರಡು ಊಟ.

ಇದು ಸಾವಿರ ವರ್ಷದ ಸಂಪ್ರದಾಯ ಅಂತ ನಮಗೆ ಅನ್ಸುತ್ತೆ. ವಸತಿಗೃಹಗಳು ನಿಜಕ್ಕೂ ಅಷ್ಟು ಹಳೆಯವು. ಯಾಮನಾಶಿ ಪ್ರಾಂತ್ಯದ ನಿಶಿಯಾಮಾ ಒನ್ಸೆನ್ ಕೆಯುನ್‌ಕಾನ್ ಶುರುವಾಗಿದ್ದು 705ರಲ್ಲಿ ಅಂತ ಹೇಳ್ತಾರೆ. ಜಗತ್ತಿನ ಅತಿ ಹಳೇ ಹೋಟೆಲ್ ಅಂತ ಗಿನ್ನೆಸ್ ದಾಖಲೆಯಲ್ಲಿರೋದು ಅದೇ. ಆದ್ರೆ ಬಿಸಿನೀರಿನ ಊರಿಗೆ ಹೋಗಿ ಒಂದೇ ರಾತ್ರಿ ಇದ್ದು ಬರೋದಿದೆಯಲ್ಲ, ಅದಕ್ಕೆ ಅಷ್ಟು ವಯಸ್ಸಾಗಿಲ್ಲ. ಒಂದು ಕಾಲಕ್ಕೆ ಅದರ ಮೇಲೆ ದೂರು ದಾಖಲಾಗಿತ್ತು. ಅದು ತಪ್ಪೋ ಸರಿಯೋ ಅಂತ ಸರ್ಕಾರವೇ ತೀರ್ಪು ಕೊಡಬೇಕಾಗಿ ಬಂತು. ಇವತ್ತಿನ ಕಥೆ ಅಲ್ಲಿಂದ ಶುರು.

ಮೊದಲು ಹಳೇ ಪದ್ಧತಿ ತಿಳ್ಕೊಳ್ಳೋಣ. ಅದರ ಹೆಸರು 'ತೋಜಿ'. ಬಿಸಿನೀರಿನಿಂದ ಕಾಯಿಲೆ ವಾಸಿ ಮಾಡಿಕೊಳ್ಳೋದು ಅಂತ ಅರ್ಥ. ತೋಜಿಗೆ ಒಂದು ಲೆಕ್ಕ ಇತ್ತು. 7 ದಿನ ಅಂದ್ರೆ ಒಂದು ಸುತ್ತು. ಪೂರ್ತಿ ಗುಣ ಸಿಗಬೇಕು ಅಂದ್ರೆ ಮೂರು ಸುತ್ತು, 21 ದಿನ. ದೇಶವನ್ನೇ ಆಳುತ್ತಿದ್ದ ಶೋಗುನ್ ತೊಕುಗಾವಾ ಇಯೆಯಾಸು 1604ರಲ್ಲಿ ಅಟಾಮಿ ಅನ್ನೋ ಕಡಲತೀರದ ಊರಿಗೆ ಸ್ನಾನಕ್ಕೆ ಹೋದಾಗ ಅವನೂ ಉಳಿದಿದ್ದು 7 ದಿನ. ಮುಂದಿನ ಶೋಗುನ್‌ಗಳಿಗೆ ಅಷ್ಟು ದಿನ ಕೋಟೆ ಬಿಟ್ಟು ಹೋಗೋದು ಕಷ್ಟವಾದಾಗ, ಅಟಾಮಿಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿ ಎಡೊಗೆ, ಅಂದ್ರೆ ಇವತ್ತಿನ ಟೋಕಿಯೊಗೆ, ಹೊರಿಸಿ ತರಿಸಿಕೊಂಡರು.

ಬಡ ರೈತರೂ ತೋಜಿಗೆ ಹೋಗ್ತಿದ್ರು. ಆ ಕಾಲದಲ್ಲಿ ರೈತ ತನ್ನ ಊರು ಬಿಟ್ಟು ಮನಸ್ಸಿಗೆ ಬಂದಲ್ಲಿಗೆ ಹೋಗೋ ಹಾಗಿರಲಿಲ್ಲ, ಅಪ್ಪಣೆ ಪತ್ರ ಬೇಕಿತ್ತು. ಆ ಪತ್ರ ಸಿಗೋಕೆ ಒಪ್ಪೋ ಅಂಥ ಕಾರಣಗಳು ಮುಖ್ಯವಾಗಿ ಎರಡೇ. ಒಂದು ತೀರ್ಥಯಾತ್ರೆ, ಇನ್ನೊಂದು ತೋಜಿ. ನಾಟಿ ಮುಗಿದ ಮೇಲೆ, ಕೊಯ್ಲು ಮುಗಿದ ಮೇಲೆ, ಸೊಂಟ ಹಿಡ್ಕೊಂಡವರು, ಮಂಡಿ ನೋವಿನವರು ಅಕ್ಕಿ, ಮಿಸೊ, ಉಪ್ಪಿನಕಾಯಿ ಕಟ್ಟಿಕೊಂಡು ಬೆಟ್ಟದ ಕಡೆ ಹೊರಡ್ತಿದ್ರು. ಅಡುಗೆ ಅವರದ್ದೇ. ಯಾತ್ರೆ ಬಸ್ಸಿಗೆ ಸ್ಟವ್ವು, ಪಾತ್ರೆ, ಅಕ್ಕಿ ಮೂಟೆ ಹೇರಿಕೊಂಡು ಹೋಗಿದ್ದನ್ನ ನಿಮ್ಮ ಅಜ್ಜಿ ಹೇಳಿದ್ರೆ, ಸುಮಾರು ಹಾಗೇ ಅಂತ ಊಹಿಸಿಕೊಳ್ಳಿ.

ಇಲ್ಲಿ ಒಂದು ಪದ ನೆನಪಿಟ್ಕೊಳ್ಳಿ. ಹೀಗೆ ತಾವೇ ಬೇಯಿಸಿಕೊಳ್ಳೋರಿಗೆ ಜಾಗ ಕೊಡೋ ಅಗ್ಗದ ಮನೆಗೆ 'ಕಿಚಿನ್‌ಯಾಡೊ' ಅಂತ ಹೆಸರು. ಕಿಚನ್ ಅಲ್ಲ, ಕಿಚಿನ್. ಅರ್ಥ ಸೌದೆ ದುಡ್ಡು. ಒಲೆಗೆ ಬೇಕಾದ ಸೌದೆಯ ಬೆಲೆ ಕೊಟ್ರೆ ಮಲಗೋಕೆ ಜಾಗ. ಹೆದ್ದಾರಿಯಲ್ಲಿ ಇನ್ನೊಂದು ಥರದ ಮನೆ ಇತ್ತು, 'ಹತಾಗೊ'. ಅಲ್ಲಿ ರಾತ್ರಿ ಊಟ, ಬೆಳಗಿನ ಊಟ ಎರಡನ್ನೂ ಅವರೇ ಬಡಿಸ್ತಿದ್ರು. ಇವತ್ತಿನ 'ಒಂದು ರಾತ್ರಿ, ಎರಡು ಊಟ'ದ ಬೇರು ಇರೋದು ಈ ಹತಾಗೊದಲ್ಲಿ. ಅಂದ್ರೆ ಅದು ದಾರಿಹೋಕರ ಪದ್ಧತಿ, ರೋಗಿಗಳದ್ದಲ್ಲ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದು ಹಕೋನೆಯಲ್ಲಿ.

ಎಡೊದಿಂದ ಕ್ಯೋಟೊಗೆ ಹೋಗೋ ದೊಡ್ಡ ರಸ್ತೆ ಟೊಕೈಡೊ. ಅದರುದ್ದಕ್ಕೂ 53 ಅಧಿಕೃತ ತಂಗುದಾಣಗಳು. ಒಂಬತ್ತನೆಯದು ಒಡವಾರ, ಹತ್ತನೆಯದು ಬೆಟ್ಟದ ಮೇಲಿನ ಹಕೋನೆ. ಎಡೊದಿಂದ ಒಡವಾರಕ್ಕೆ ಸುಮಾರು 80 ಕಿಲೋಮೀಟರ್, ಎರಡು ದಿನದ ನಡಿಗೆ. ರಾತ್ರಿ ಒಡವಾರದಲ್ಲಿ ಮಲಗಿ ಬೆಳಗ್ಗೆ ಬೆಟ್ಟ ಹತ್ತಬೇಕು. ಪ್ರಯಾಣಿಕರು ರಾತ್ರಿ ಕಳೀಬೇಕಾದ್ದು ಅಧಿಕೃತ ತಂಗುದಾಣದಲ್ಲಿ ಮಾತ್ರ ಅನ್ನೋದು ಸರ್ಕಾರದ ನಿಯಮ.

ಈ ನಿಯಮದ ಹಿಂದೆ ಒಂದು ಲೆಕ್ಕಾಚಾರ ಇತ್ತು. ಟೊಕೈಡೊ ತಂಗುದಾಣಗಳು ಸರ್ಕಾರದ ಸಾಮಾನು, ಕಾಗದಪತ್ರ ಸಾಗಿಸೋಕೆ 100 ಆಳು, 100 ಕುದುರೆ ಸದಾ ಸಿದ್ಧ ಇಡಬೇಕಿತ್ತು. ಅದು ಭಾರೀ ಹೊರೆ. ಅದನ್ನ ತಡ್ಕೊಳ್ಳೋಕೆ ಅವರಿಗೆ ಸಿಕ್ಕ ಸವಲತ್ತು ಅಂದ್ರೆ, ದಾರಿಹೋಕರನ್ನ ಉಳಿಸಿಕೊಂಡು ಸಂಪಾದಿಸೋ ಹಕ್ಕು.

ಈಗ ನಕ್ಷೆ ಕಣ್ಮುಂದೆ ತಂದ್ಕೊಳ್ಳಿ. ಒಡವಾರಕ್ಕೂ ಹಕೋನೆಗೂ ನಡುವೆ, ಬೆಟ್ಟದ ಬುಡದಲ್ಲಿ ಯುಮೋಟೊ ಅನ್ನೋ ಹಳ್ಳಿ. ಹಕೋನೆಯ ಏಳು ಬಿಸಿನೀರಿನ ಊರುಗಳಲ್ಲಿ ಹೆದ್ದಾರಿಗೆ ಹತ್ತಿರದ್ದು ಇದೇ. ಅಧಿಕೃತ ತಂಗುದಾಣ ಅಲ್ಲ. ತೋಜಿಗೆ ಬರೋರನ್ನ ವಾರಗಟ್ಟಲೆ ಇಟ್ಕೊಳ್ಳಬಹುದು, ದಾರಿಹೋಕರನ್ನ ಇಟ್ಕೊಳ್ಳೋ ಹಾಗಿಲ್ಲ. ಆದ್ರೆ 18ನೇ ಶತಮಾನ ಮುಗಿಯೋ ಹೊತ್ತಿಗೆ ಯಾತ್ರೆ ಜೋರಾಗಿತ್ತು. ಊರವರೆಲ್ಲ ಸೇರಿ ಚೀಟಿ ಥರ ದುಡ್ಡು ಕೂಡಿಸಿ, ಗುಂಪು ಕಟ್ಟಿಕೊಂಡು ಇಸೆ ದೇಗುಲಕ್ಕೆ, ಫುಜಿ ಬೆಟ್ಟಕ್ಕೆ ಹೊರಡ್ತಿದ್ರು. ನಡೆದು ನಡೆದು ಕಾಲು ಊದಿರುತ್ತೆ. ರಸ್ತೆ ಪಕ್ಕದಲ್ಲೇ ಬಿಸಿನೀರು ಉಕ್ತಿರುತ್ತೆ. ಒಡವಾರದಲ್ಲಿ ಯಾಕೆ ಮಲಗಬೇಕು, ಯುಮೋಟೊದಲ್ಲೇ ಉಳಿಯೋಣ ಅಂತ ಗುಂಪು ಗುಂಪಾಗಿ ಅಲ್ಲೇ ಇಳ್ಕೊಳ್ಳೋಕೆ ಶುರು ಮಾಡಿದ್ರು. ಒಂದು ಸ್ನಾನ, ಒಂದು ರಾತ್ರಿ, ಬೆಳಗ್ಗೆ ಬೆಟ್ಟ ಹತ್ತೋದು.

ಇದಕ್ಕೆ ಬಂದ ಹೆಸರು 'ಇಚಿಯಾ ತೋಜಿ', ಒಂದು ರಾತ್ರಿಯ ತೋಜಿ. ಕೇಳೋಕೇ ವಿಚಿತ್ರ. 21 ದಿನದ ಔಷಧಿ ಬರೆಸಿಕೊಂಡು ಒಂದೇ ಮಾತ್ರೆ ನುಂಗಿ, ವಾಸಿ ಆಯ್ತು ಅಂದ ಹಾಗೆ. ಆದ್ರೆ ಆ 'ತೋಜಿ' ಅನ್ನೋ ಪದ ಇದ್ದಿದ್ದಕ್ಕೇ ಯುಮೋಟೊದವರ ವ್ಯಾಪಾರ ಉಳೀತು. ಇವರು ದಾರಿಹೋಕರಲ್ಲ ಸ್ವಾಮಿ, ಸ್ನಾನಕ್ಕೆ ಬಂದವರು ಅನ್ನಬಹುದಿತ್ತಲ್ಲ.

ಒಡವಾರ ಮತ್ತು ಹಕೋನೆ ತಂಗುದಾಣಗಳಿಗೆ ಹೊಟ್ಟೆಗೆ ಬಿತ್ತು ಏಟು. 1805ರಲ್ಲಿ ಅವರು ಹೆದ್ದಾರಿ ವ್ಯವಹಾರ ನೋಡಿಕೊಳ್ಳೋ ಸರ್ಕಾರಿ ಅಧಿಕಾರಿಯ ಬಳಿ ದೂರು ಕೊಟ್ರು. ಒಂದು ರಾತ್ರಿಯ ತೋಜಿ ನಿಲ್ಲಿಸಿ ಅನ್ನೋದು ಅವರ ಬೇಡಿಕೆ. ಅವರ ವಾದದಲ್ಲಿ ನ್ಯಾಯ ಇರಲಿಲ್ಲ ಅನ್ನೋಕಾಗಲ್ಲ. ಆಳು, ಕುದುರೆಯ ಹೊರೆ ಅವರ ಮೇಲೆ, ಲಾಭ ಮಾತ್ರ ಪಕ್ಕದ ಹಳ್ಳಿಗೆ. ಆದ್ರೆ ತೀರ್ಪು ಬಂದಿದ್ದು ಯುಮೋಟೊ ಪರವಾಗಿ. ಒಂದು ರಾತ್ರಿ ಉಳಿದು ಸ್ನಾನ ಮಾಡಿ ಹೋಗಬಹುದು ಅಂತ ಅಧಿಕೃತವಾಗೇ ಒಪ್ಪಿಗೆ ಸಿಕ್ತು.

ಆರು ವರ್ಷದ ನಂತರ, 1811ರಲ್ಲಿ, ಹಕೋನೆಯ ಏಳೂ ಊರುಗಳನ್ನ ಚಿತ್ರಗಳ ಸಮೇತ ಪರಿಚಯಿಸೋ 'ನಾನಾಯು ನೊ ಶಿಯೋರಿ' ಅನ್ನೋ ಚಿತ್ರಸುರುಳಿ ಸಿದ್ಧವಾಯ್ತು. ಯಾವ ನೀರು ಯಾವ ನೋವಿಗೆ ಅನ್ನೋದರ ಜೊತೆಗೆ ಊರಿನ ನೋಟ, ಸುತ್ತಮುತ್ತ ನೋಡೋ ಜಾಗ ಎಲ್ಲ ಅದರಲ್ಲಿದೆ. ಕಾಯಿಲೆ ಇಲ್ಲದವನೂ ಬರಬಹುದು ಅನ್ನೋ ಕಾಲ ಬಂದಿತ್ತು.

ಮುಂದಿನದ್ದು ರೈಲಿನ ಕೆಲಸ. 1887ರಲ್ಲಿ ಟೋಕಿಯೊ ಕಡೆಯ ರೈಲು ಒಡವಾರದ ಹತ್ತಿರದ ಕೋಜುವರೆಗೆ ಬಂತು. ಮರುವರ್ಷ ಕೋಜುವಿಂದ ಯುಮೋಟೊಗೆ ಹಳಿಯ ಮೇಲೆ ಕುದುರೆ ಎಳೆಯೋ ಟ್ರಾಮ್. 1900ಕ್ಕೆ ಅದು ವಿದ್ಯುತ್ ಟ್ರಾಮ್ ಆಯ್ತು. 1919ರಲ್ಲಿ ಬೆಟ್ಟದ ಮೇಲಿನ ಗೋರಾವರೆಗೂ ರೈಲು. 1927ರಲ್ಲಿ ಶಿಂಜುಕುವಿಂದ ಒಡವಾರಕ್ಕೆ ಒಡಾಕ್ಯು ಮಾರ್ಗ, 1950ರಲ್ಲಿ ಅದೇ ಮಾರ್ಗದ ಗಾಡಿ ನೇರವಾಗಿ ಹಕೋನೆ ಯುಮೋಟೊಗೇ. ಎರಡು ದಿನ ನಡೀತಿದ್ದ ದಾರಿ ಈಗ ಸುಮಾರು ಒಂದೂವರೆ ಗಂಟೆ.

ಜೊತೆಗೆ ಕ್ಯಾಲೆಂಡರೂ ಬದಲಾಯ್ತು. 1876ರಿಂದ ಸರ್ಕಾರಿ ಕಚೇರಿಗಳಿಗೆ ಭಾನುವಾರ ರಜೆ, ಶನಿವಾರ ಅರ್ಧ ದಿನ ಕೆಲಸ. ರೈತನ ರಜೆ ನಾಟಿ-ಕೊಯ್ಲಿನ ಲೆಕ್ಕದ್ದು, ಒಂದೇ ಸಲಕ್ಕೆ ಮೂರು ವಾರ ಸಿಗೋದು. ಗುಮಾಸ್ತನ ರಜೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ. ಅಷ್ಟರಲ್ಲಿ ಎಷ್ಟು ರಾತ್ರಿ ಬರುತ್ತೆ? ಒಂದೇ. ಯುಮೋಟೊದ ಯಾತ್ರಿಕರು ಗೆದ್ದುಕೊಂಡ ಆ ಒಂದು ರಾತ್ರಿ, ಆಫೀಸಿನ ವಾರಕ್ಕೆ ಅಳತೆ ತಗೊಂಡು ಹೊಲಿಸಿದ ಹಾಗೆ ಕೂತ್ಕೊಳ್ತು.

ಹಾಗಂತ ಹಳೇ ತೋಜಿ ಒಮ್ಮೆಗೇ ಸತ್ತುಹೋಗಲಿಲ್ಲ. 1913ರಲ್ಲಿ ಟೋಕಿಯೊದಲ್ಲಿ ರೈಲು ಬಡಿದು ಗಾಯಗೊಂಡ ಲೇಖಕ ಶಿಗಾ ನಾವೊಯಾ ಸುಧಾರಿಸಿಕೊಳ್ಳೋಕೆ ಕಿನೊಸಾಕಿ ಅನ್ನೋ ಬಿಸಿನೀರಿನ ಊರಿಗೆ ಹೋದ. ಆ ದಿನಗಳ ಬಗ್ಗೆ ಅವನು 1917ರಲ್ಲಿ ಪ್ರಕಟಿಸಿದ ಸಣ್ಣಕಥೆ ಇವತ್ತಿಗೂ ಜಪಾನಿನಲ್ಲಿ ತುಂಬ ಹೆಸರಾದದ್ದು. ಅದರಲ್ಲಿ ಅವನು ಅಲ್ಲಿ ಉಳಿಯೋದು ಮೂರು ವಾರ. ಅದೇ 21 ದಿನ.

ಈಗ ಕಥೆಯ ಕಷ್ಟದ ಭಾಗ. ಬಿಸಿನೀರಿನ ಊರು ಆಸ್ಪತ್ರೆ ಥರ ಇದ್ದಾಗ ಅಲ್ಲಿಗೆ ರೋಗಿಗಳು ಬರ್ತಿದ್ರು. ಅದು ಪ್ರವಾಸಿ ಊರು ಆದಾಗ ಆ ರೋಗಿಗಳು ಎಲ್ಲಿಗೆ ಹೋದ್ರು?

ಗುನ್ಮಾ ಪ್ರಾಂತ್ಯದಲ್ಲಿ ಕುಸಾತ್ಸು ಅಂತ ಊರಿದೆ. ಅಲ್ಲಿನ ನೀರು ಎಷ್ಟು ಆಮ್ಲೀಯ, ಎಷ್ಟು ಬಿಸಿ ಅಂದ್ರೆ, ಉದ್ದನೆಯ ಹಲಗೆಗಳಿಂದ ಅದನ್ನ ಕಲಕಿ ಕಲಕಿ ಹದಕ್ಕೆ ತಂದು, ಮುಖ್ಯಸ್ಥ ಕೂಗಿದಾಗ ಎಲ್ಲರೂ ಒಟ್ಟಿಗೆ ಇಳಿದು, 3 ನಿಮಿಷ ಹಲ್ಲು ಕಚ್ಚಿ ಕೂರಬೇಕಿತ್ತು. ಚರ್ಮದ ಕಾಯಿಲೆಗೆ ಇದೇ ಮದ್ದು ಅನ್ನೋ ನಂಬಿಕೆ ಹಿಂದಿನಿಂದ ಬಂದದ್ದು. ಹಾಗಾಗಿ ಕುಷ್ಠರೋಗ ಬಂದು ಮನೆಯಿಂದ ಹೊರಬಿದ್ದವರು ದೇಶದ ಮೂಲೆ ಮೂಲೆಯಿಂದ ಇಲ್ಲಿಗೆ ಬರ್ತಿದ್ರು. ಆ ನೀರಿಂದ ಕುಷ್ಠ ವಾಸಿಯಾಗಲ್ಲ, ಅದು ಬೇರೆ ಮಾತು. ಆದ್ರೆ ಅವರನ್ನ ಇಟ್ಕೊಳ್ಳೋ ಕೆಲವೇ ಊರುಗಳಲ್ಲಿ ಇದೂ ಒಂದು.

ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ 1876ರಲ್ಲಿ ಜಪಾನಿಗೆ ಪಾಠ ಮಾಡೋಕೆ ಬಂದವನು. ಅವನು ಕುಸಾತ್ಸುವಿನ ನೀರು, ಗಾಳಿಯನ್ನ ಬಾಯ್ತುಂಬ ಹೊಗಳಿದ. ಊರಿನ ಹೆಸರು ಹರಡಿತು. ಹೆಸರು ಹರಡೋ ಆ ಕಾಲದಲ್ಲೇ, 1887ರಲ್ಲಿ, ಊರಿನವರು ಕುಷ್ಠರೋಗಿಗಳನ್ನ ನಡು ಊರಿಂದ ಎಬ್ಬಿಸಿ ಅಂಚಿನ ಯುನೊಸಾವಾ ಅನ್ನೋ ಜಾಗಕ್ಕೆ ಕಳಿಸಿದ್ರು. ಬೇರೆ ಅತಿಥಿಗಳು ಹಿಂಜರೀತಾರೆ ಅನ್ನೋ ಅಂಜಿಕೆ.

ಯುನೊಸಾವಾದ ಜನ ಅಳ್ತಾ ಕೂರಲಿಲ್ಲ. ಮನೆ ಕಟ್ಟಿಕೊಂಡ್ರು, ಅಂಗಡಿ ಇಟ್ರು, ತಮ್ಮಂಥವರಿಗೇ ಅಂತ ವಸತಿಗೃಹ ನಡೆಸಿದ್ರು. 1916ರಲ್ಲಿ ಮೇರಿ ಹೆಲೆನಾ ಕಾರ್ನ್‌ವಾಲ್ ಲೀ ಅನ್ನೋ ಇಂಗ್ಲಿಷ್ ಮಹಿಳೆ ಬಂದು ನೆಲೆಸಿ ಮರುವರ್ಷ ಆಸ್ಪತ್ರೆ ಶುರು ಮಾಡಿದ್ರು. ಒಂದು ಹಂತದಲ್ಲಿ ಅಲ್ಲಿ ಸುಮಾರು 800 ಜನ ಇದ್ರು. ಆದ್ರೆ ಅಷ್ಟರಲ್ಲಿ ರೋಗಿಗಳನ್ನೆಲ್ಲ ಹಿಡಿದು ಸಾನಟೋರಿಯಂಗಳಲ್ಲಿ ಇಡೋದು ಸರ್ಕಾರದ ನೀತಿಯಾಗಿತ್ತು. 1932ರಲ್ಲಿ ಹತ್ತಿರದಲ್ಲೇ ಸರ್ಕಾರಿ ಸಾನಟೋರಿಯಂ ತೆರೀತು. 1940ರ ದಶಕದ ಆರಂಭಕ್ಕೆ ಯುನೊಸಾವಾ ಖಾಲಿ ಆಯ್ತು. ಇವತ್ತು ಕುಸಾತ್ಸುವಿಗೆ ಹೋದವರು ಹಲಗೆಯಲ್ಲಿ ನೀರು ಕಲಕೋ ಪ್ರದರ್ಶನ ನೋಡಿ ವಿಡಿಯೊ ಮಾಡ್ಕೊಂಡು ಬರ್ತಾರೆ. ಆ ನೀರಿಗಾಗಿ ನಡೆದು ಬಂದವರ ಊರು ಅಂಚಿನಲ್ಲಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಾಗಲ್ಲ.

ಯುದ್ಧ ಮುಗಿದ ಮೇಲೆ ಒಂದು ರಾತ್ರಿಯ ಪ್ರವಾಸ ಕಾರ್ಖಾನೆ ಥರ ನಡೆಯೋಕೆ ಶುರುವಾಯ್ತು. ಕಂಪನಿಗಳು ಇಡೀ ಸಿಬ್ಬಂದಿಯನ್ನ ಬಸ್ಸಲ್ಲಿ ತುಂಬಿಕೊಂಡು ಬರ್ತಿದ್ವು. ಅಟಾಮಿ, ಕಿನುಗಾವಾ ಅಂಥ ಊರುಗಳಲ್ಲಿ ಬಹುಮಹಡಿ ಕಾಂಕ್ರೀಟ್ ಹೋಟೆಲ್‌ಗಳು, ನೂರಾರು ಜನ ಸಾಲಾಗಿ ಕೂತು ಉಣ್ಣೋ ಹಾಲ್‌ಗಳು ಎದ್ವು. ಬಾರು, ಅಂಗಡಿ, ಹಾಡೋ ಕೋಣೆ ಎಲ್ಲ ಹೋಟೆಲ್ ಒಳಗೇ. ಅತಿಥಿ ಹೊರಗೆ ಕಾಲಿಡೋ ಅಗತ್ಯವೇ ಇಲ್ಲ. ಹೀಗಾಗಿ ಊರಿನ ಬೀದಿ ಅಂಗಡಿಗಳು ಒಣಗಿದ್ವು. ಒಬ್ಬರೇ ಬಂದ್ರೆ ಎಷ್ಟೋ ಕಡೆ ಕೋಣೆ ಕೊಡ್ತಿರಲಿಲ್ಲ, ಯಾಕಂದ್ರೆ ದರ ತಲೆ ಲೆಕ್ಕದ್ದು, ಒಂದು ಕೋಣೆಗೆ ಒಂದೇ ತಲೆ ಅಂದ್ರೆ ನಷ್ಟ. 1990ರ ದಶಕದಲ್ಲಿ ಆರ್ಥಿಕ ಗುಳ್ಳೆ ಒಡೆದು ಕಂಪನಿ ಪ್ರವಾಸ ಕಮ್ಮಿಯಾದಾಗ ಈ ಊರುಗಳು ಕುಸಿದ್ವು. 2003ರಲ್ಲಿ ಅಶಿಕಾಗಾ ಬ್ಯಾಂಕ್ ಮುಳುಗಿದಾಗ ಅದರ ಸಾಲ ನಂಬಿಕೊಂಡಿದ್ದ ಕಿನುಗಾವಾದ ಹೋಟೆಲ್‌ಗಳಿಗೆ ದೊಡ್ಡ ಏಟು ಬಿತ್ತು. ಅಲ್ಲಿನ ನದಿ ದಂಡೆಯಲ್ಲಿ ಪಾಳುಬಿದ್ದ ಕಟ್ಟಡಗಳ ಸಾಲು ಈಗಲೂ ಪ್ರಸಿದ್ಧ.

ಬೇರೆ ದಾರಿ ಹಿಡಿದ ಊರೂ ಒಂದಿತ್ತು. ಕುಮಾಮೊಟೊ ಪ್ರಾಂತ್ಯದ ಬೆಟ್ಟಗಳ ನಡುವಿನ ಕುರೊಕಾವಾ. ಅಲ್ಲಿನ ವಸತಿಗೃಹಗಳು ಚಿಕ್ಕವು, ಜನ ಬರ್ತಿರಲಿಲ್ಲ. ಗೋತೊ ತೆತ್ಸುಯಾ ಅನ್ನೋ ಮಾಲೀಕ ಉಳಿ ಹಿಡಿದು ಬಂಡೆ ಕೊರೆದು ಗುಹೆಯಂಥ ಸ್ನಾನದ ಕೊಳ ಮಾಡಿದ್ರು, ಸುತ್ತ ಕಾಡು ಮರ ನೆಟ್ರು. ಅವರನ್ನ ನೋಡಿ ಉಳಿದವರೂ ಬಯಲು ಕೊಳ ಮಾಡ್ಕೊಂಡ್ರು. ಎರಡು ವಸತಿಗೃಹಗಳಿಗೆ ಮಾತ್ರ ಜಾಗವೇ ಇರಲಿಲ್ಲ. ಅವರನ್ನ ಬಿಟ್ಟು ಮುಂದೆ ಹೋಗೋ ಬದಲು ಊರವರು 1986ರಲ್ಲಿ ಒಂದು ಮರದ ಬಿಲ್ಲೆ ತಂದ್ರು. ಅದನ್ನ ಕೊಂಡ್ಕೊಂಡ್ರೆ ಯಾರ ಮನೆಯಲ್ಲಿ ಉಳಿದಿದ್ರೂ ಸರಿ, ಊರಿನ ಯಾವುದೇ ಮೂರು ಬಯಲು ಕೊಳಗಳಲ್ಲಿ ಸ್ನಾನ ಮಾಡಬಹುದು. ಬೀದಿಯೇ ಮೊಗಸಾಲೆ, ಪ್ರತಿ ವಸತಿಗೃಹ ಒಂದೊಂದು ಕೋಣೆ, ಊರೆಲ್ಲ ಸೇರಿ ಒಂದೇ ಮನೆ ಅನ್ನೋದು ಅವರ ಮಾತು. ಜನ ಮತ್ತೆ ಬೀದಿಗೆ ಬಂದ್ರು, ಊರು ಬದುಕ್ತು.

ಅದೇ ಕುರೊಕಾವಾದಲ್ಲಿ 2003ರ ನವೆಂಬರ್‌ನಲ್ಲಿ ಇನ್ನೊಂದು ಘಟನೆ. ಕುಮಾಮೊಟೊದ ಕಿಕುಚಿ ಕೆಯಿಫುಯೆನ್ ಅನ್ನೋ ಸಾನಟೋರಿಯಂನಲ್ಲಿ ದಶಕಗಳಿಂದ ಇದ್ದವರಿಗಾಗಿ ಪ್ರಾಂತ್ಯದ ಸರ್ಕಾರ ಒಂದು ಚಿಕ್ಕ ಪ್ರವಾಸ ಏರ್ಪಡಿಸಿ, ಅಲ್ಲಿನ ಒಂದು ಹೋಟೆಲ್‌ನಲ್ಲಿ ಕೋಣೆ ಕಾಯ್ದಿರಿಸಿತ್ತು. ಇವರ ಕುಷ್ಠ ಎಂದೋ ವಾಸಿಯಾಗಿತ್ತು. ಪ್ರತ್ಯೇಕವಾಗಿಡೋ ಕಾನೂನು 1996ರಲ್ಲೇ ರದ್ದಾಗಿತ್ತು. ಅದು ಸಂವಿಧಾನ ವಿರೋಧಿ ಅಂತ 2001ರಲ್ಲಿ ಕುಮಾಮೊಟೊ ನ್ಯಾಯಾಲಯ ಹೇಳಿತ್ತು. ಆದರೂ ಬರೋರು ಯಾರು ಅಂತ ಗೊತ್ತಾದ ಮೇಲೆ ಹೋಟೆಲ್ ಬೇಡ ಅಂತು. ಬೇರೆ ಅತಿಥಿಗಳಿಗೆ ತೊಂದರೆ ಆಗುತ್ತೆ ಅನ್ನೋದು ಕಾರಣ. 1887ರ ಅಂಜಿಕೆಯೇ, ಪದವೂ ಹೆಚ್ಚು ಬದಲಾಗಿರಲಿಲ್ಲ.

ವಿಷಯ ಬಹಿರಂಗವಾಯ್ತು. ಹೋಟೆಲ್‌ನವರು ಕ್ಷಮೆ ಕೇಳೋಕೆ ಬಂದ್ರು. ಅದು ಮನಸ್ಸಿಂದ ಬಂದದ್ದಲ್ಲ ಅಂತ ಸಾನಟೋರಿಯಂನವರು ಒಪ್ಪಲಿಲ್ಲ. ಅದು ಟೀವಿಯಲ್ಲಿ ಬಂದದ್ದೇ ತಡ, ಬೈಗುಳದ ಪತ್ರ, ಫೋನು ಸುರಿದದ್ದು ಹೋಟೆಲ್‌ಗಲ್ಲ, ಆ ವೃದ್ಧರಿಗೆ. ಹೋಟೆಲ್ ಮೇಲೆ ಪ್ರಾಂತ್ಯ ಕ್ರಮ ತಗೊಂಡಿತು, 2004ರಲ್ಲಿ ಅದು ಮುಚ್ಚಿತು.

ಈ ಪ್ರಕರಣ ಓದಿದಾಗ ನನಗೆ 1805ರ ಆ ಯಾತ್ರಿಕರು ನೆನಪಾಗ್ತಾರೆ. ಅವರು ಕೇಳಿದ್ದೂ ಇಷ್ಟೇ. ದಾರಿಯಲ್ಲಿ ಬಿಸಿನೀರಿದೆ, ಒಂದು ರಾತ್ರಿ ಇದ್ದು ಹೋಗ್ತೀವಿ. ಅವರಿಗೆ ಹೌದು ಅಂದಿದ್ದು ದೊಡ್ಡ ಮಾತು. 21 ದಿನ ಬಿಡುವಿಲ್ಲದ ಲಕ್ಷಾಂತರ ಜನಕ್ಕೆ, ಒಂದು ವಾರ ರಜಾ ಹಾಕಿ ವಿಮಾನ ಹತ್ತೋ ನಮಗೂ, ಆ ಬಾಗಿಲು ತೆರೆದಿದ್ದು ಅದರಿಂದ. ಆದ್ರೆ ಆ ನೀರು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ, ಅವರಿಗೆ ಒಂದು ರಾತ್ರಿಯೂ ಕಷ್ಟವಾಯ್ತು. ಒಂದೇ ಊರಿನ ಬಿಸಿನೀರು ಎರಡನ್ನೂ ನೋಡಿದೆ. ಜಾಗವಿಲ್ಲದ ಇಬ್ಬರು ಮಾಲೀಕರನ್ನ ಕೈಬಿಡದ ಊರು ಅದು, ಆ ವೃದ್ಧರಿಗೆ ಬಾಗಿಲು ಮುಚ್ಚಿದ ಹೋಟೆಲ್ ಇದ್ದದ್ದೂ ಅಲ್ಲೇ.

ಹಳೇ ತೋಜಿ ಇನ್ನೂ ಅಲ್ಲಲ್ಲಿ ಉಸಿರಾಡ್ತಿದೆ. ಉತ್ತರದ ಇವಾತೆ ಪ್ರಾಂತ್ಯದ ಹನಮಾಕಿ ಹತ್ತಿರ ಓಸಾವಾ ಒನ್ಸೆನ್ ಅಂತ ಇದೆ. ಅಲ್ಲಿ ತಾವೇ ಬೇಯಿಸಿಕೊಳ್ಳೋರ ವಿಭಾಗ ಇವತ್ತಿಗೂ ನಡೀತಿದೆ. ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ನಾಣ್ಯ ಹಾಕಿದ್ರೆ ಉರಿಯೋ ಗ್ಯಾಸ್ ಒಲೆ. ಹಾಸಿಗೆಗೆ ಬೇರೆ ದುಡ್ಡು, ಯುಕಾತಾಕ್ಕೆ ಬೇರೆ ದುಡ್ಡು. ಸೌದೆ ದುಡ್ಡಿನ ಲೆಕ್ಕ ಅಂದ್ನಲ್ಲ, ಅದೇ. ಅವೊಮೊರಿಯ ಸುಕಾಯುನಲ್ಲೂ ಹೀಗೆ ದಿನಗಟ್ಟಲೆ ಉಳಿಯೋರ ವಿಭಾಗ ಇದೆ.

ನೀವು ಜಪಾನಿಗೆ ಹೋದ್ರೆ ಹಕೋನೆಯ ಒಂದು ರಾತ್ರಿಯನ್ನ ಖಂಡಿತ ಅನುಭವಿಸಿ. ಯುಮೋಟೊ ಸ್ಟೇಷನ್ನಲ್ಲಿ ಇಳಿದಾಗ, ಊದಿದ ಕಾಲಲ್ಲಿ ಅಲ್ಲಿ ನಿಂತು ಇವತ್ತು ಇಲ್ಲೇ ಉಳಿಯೋಣ ಅಂದವರನ್ನ ಒಮ್ಮೆ ನೆನೆಸಿಕೊಳ್ಳಿ. ಸಾಧ್ಯವಾದ್ರೆ ಇನ್ನೊಂದು ರಾತ್ರಿ ಸೇರಿಸಿ. ಎರಡನೇ ದಿನ ಮಧ್ಯಾಹ್ನ, ನೋಡೋದೆಲ್ಲ ಮುಗಿದು ಮಾಡೋಕೆ ಏನೂ ಇಲ್ಲ ಅನ್ಸಿದಾಗ, ತೋಜಿ ಅಂದ್ರೆ ಏನು ಅಂತ ಸ್ವಲ್ಪ ಗೊತ್ತಾಗುತ್ತೆ.